ಮಂಡಿಯ ಲೆಕ್ಕದ ತಂತ್ರಾಂಶವನ್ನು ಲಿನಕ್ಸ್‌ಗೆ ತಂದ ಬಗೆ

ದಾವಣಗೆರೆಯ ಕೃಷಿ ಮಾರುಕಟ್ಟೆಯ ದಲ್ಲಾಳಿ ಮಂಡಿಗಳಿಗೆ ನಾನು ಹಲವು ವರ್ಷಗಳಿಂದ ಲೆಕ್ಕದ ತಂತ್ರಾಂಶವನ್ನು ಮಾರುತ್ತಿದ್ದೇನೆ. ಮೆಕ್ಕೆಜೋಳದ ತೂಕ, ದರ, ಹಮಾಲಿ, ಲಾರಿ ಬಾಡಿಗೆಗಳನ್ನು ಕೂಡಿ ಕಳೆದು ರೈತರ ಕೈಗೆ ಪಟ್ಟಿ ಮುದ್ರಿಸಿಕೊಡುವುದು ಅದರ ಕೆಲಸ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಕಂಪ್ಯೂಟರ್‌ಗಳಿದ್ದ ಕೆಲವು ಮಂಡಿಯವರು ಅದಕ್ಕೆ ಮೊದಲೇ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ ಹಾಕಿಸಿಕೊಂಡು, ನಮ್ಮ ತಂತ್ರಾಂಶವನ್ನೂ ಅದರಲ್ಲಿ ಕೊಡಿ ಎಂದು ಕೇಳಿದರು.

ವಿಂಡೋಸ್ ಆವೃತ್ತಿಯನ್ನೇ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಎಂಬ ತಂತ್ರಾಂಶದ ಮೂಲಕ ಓಡಿಸಿ ಕೊಡಬಹುದಿತ್ತು. ಆದರೆ ಹಣ ಪಡೆದ ಮೇಲೆ ವೈನ್‌ನಲ್ಲಿ ಏನು ಬದಲಾದರೂ ಉತ್ತರ ಹೇಳಬೇಕಾದವನು ನಾನೇ ಆದ್ದರಿಂದ ಆ ದಾರಿಯನ್ನು ಬಿಟ್ಟೆ. ತಂತ್ರಾಂಶವನ್ನು ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುವ ಕ್ಯೂಟಿ ಎಂಬ ಲೈಬ್ರರಿಗಳನ್ನು (ಸಿದ್ಧ ಸಂಕೇತಗಳ ಸಂಗ್ರಹ) ಬಳಸಿ ಬರೆದಿದ್ದರಿಂದ ಲಿನಕ್ಸ್‌ನಲ್ಲಿ ಕಂಪೈಲ್ ಮಾಡುವುದು, ಅಂದರೆ ಅಲ್ಲಿ ಓಡುವ ಪ್ರೋಗ್ರಾಂ ಆಗಿಸುವುದು, ಕಷ್ಟವಾಗಲಿಲ್ಲ. ಕ್ಯೂಟಿಯ ಮುಕ್ತ ತಂತ್ರಾಂಶ ಪರವಾನಗಿಯಾದ ಎಲ್‌ಜಿಪಿಎಲ್‌ನ ಷರತ್ತುಗಳನ್ನು ಪಾಲಿಸಲು ಕ್ಯೂಟಿ ಲೈಬ್ರರಿಗಳನ್ನು ನನ್ನ ಪ್ರೋಗ್ರಾಂನೊಳಗೆ ಬೆರೆಸದೆ ಪ್ರತ್ಯೇಕ ಕಡತಗಳಾಗಿಯೇ ಇಟ್ಟೆ.

ನನ್ನ ಕಂಪ್ಯೂಟರ್‌ನಲ್ಲಿದ್ದ ಇನ್ನೊಂದು ಬಗೆಯ ಲಿನಕ್ಸ್ ಆದ ಉಬುಂಟು 22.04ರಲ್ಲಿ ಚೆನ್ನಾಗಿ ನಡೆದದ್ದು ಮೊದಲ ಗಿರಾಕಿಯ ಮಿಂಟ್ 20ರಲ್ಲಿ ತೆರೆಯಲೇ ಇಲ್ಲ. ಟರ್ಮಿನಲ್‌ನಲ್ಲಿ ಓಡಿಸಿದಾಗ ‘ಗ್ಲಿಬ್‌ಸಿ 2.34’ ಸಿಗಲಿಲ್ಲ ಎಂಬ ಒಂದೇ ಸಾಲು ಬಂತು. ಗ್ಲಿಬ್‌ಸಿ ಎಂದರೆ ಲಿನಕ್ಸ್‌ನ ಬಹುತೇಕ ಪ್ರೋಗ್ರಾಂಗಳು ಆಧರಿಸುವ ಮೂಲ ಲೈಬ್ರರಿ. ಹಳೆಯ ಗ್ಲಿಬ್‌ಸಿಗೆ ಕಟ್ಟಿದ ಪ್ರೋಗ್ರಾಂ ಹೊಸದರಲ್ಲಿ ನಡೆಯುತ್ತದೆ, ಹೊಸದಕ್ಕೆ ಕಟ್ಟಿದ್ದು ಹಳೆಯದರಲ್ಲಿ ನಡೆಯುತ್ತದೆಂಬ ಭರವಸೆಯಿಲ್ಲ. ಮಿಂಟ್ 20ಕ್ಕೆ ಆಧಾರವಾದ ಉಬುಂಟು 20.04ರಲ್ಲಿರುವುದು 2.31. ಅಂದಿನಿಂದ, ಬೆಂಬಲಿಸುವ ವ್ಯವಸ್ಥೆಗಳಲ್ಲಿ ಅತ್ಯಂತ ಹಳೆಯದರ ಕಂಟೇನರ್‌ನಲ್ಲೇ (ಅದರದೇ ಲೈಬ್ರರಿಗಳಿರುವ ಪ್ರತ್ಯೇಕ ಪರಿಸರದಲ್ಲೇ) ಕಟ್ಟುತ್ತೇನೆ. ಬೇಕಾದುದೆಲ್ಲ ಒಂದೇ ಕಡತದಲ್ಲಿರುವ ಆಪ್‌ಇಮೇಜ್ ರೂಪವನ್ನೂ ಪ್ರಯತ್ನಿಸಿದೆ, ಆದರೆ ನಾನು ಮಾಡಿದ್ದಕ್ಕೆ ಬೇಕಿದ್ದ ಲಿಬ್‌ಫ್ಯೂಸ್2 ಎಂಬ ಲೈಬ್ರರಿ ಉಬುಂಟು 22.04ರಲ್ಲಿ ತಾನಾಗಿ ಬರುವುದಿಲ್ಲ, ಅದನ್ನು ಗುಮಾಸ್ತರಿಂದ ಹಾಕಿಸುವುದು ನ್ಯಾಯವಲ್ಲ. ಕೊನೆಗೆ ಉಬುಂಟು, ಮಿಂಟ್‌ಗಳಲ್ಲಿ ತಂತ್ರಾಂಶ ಹಾಕುವ ಕಡತವಾದ ಡೆಬ್ ಪ್ಯಾಕೇಜ್ ಮಾಡಿ, ಡಿಜಿಟಲ್ ಸಹಿಯಿರುವ ನಮ್ಮದೇ ಆನ್‌ಲೈನ್ ತಂತ್ರಾಂಶ ಭಂಡಾರದಲ್ಲಿ (ರೆಪಾಸಿಟರಿ) ಇಟ್ಟೆ. ಈಗ ಮಿಂಟ್‌ನ ಉಳಿದ ನವೀಕರಣಗಳ ಜೊತೆಗೆ ನಮ್ಮದೂ ಬರುತ್ತದೆ. ಉಬುಂಟು ಮತ್ತು ಮಿಂಟ್ ಹೊರತು ಬೇರೆ ಯಾವುದಕ್ಕೂ ಬೆಂಬಲ ಕೊಡುವುದಿಲ್ಲವೆಂದು ಮೊದಲೇ ಬರೆದುಕೊಡುತ್ತೇನೆ.

ಮುದ್ರಣ ಇದಕ್ಕಿಂತ ಹೆಚ್ಚು ಸತಾಯಿಸಿತು. ಮಂಡಿಗಳಲ್ಲಿ ಇರುವುದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಲಿನಕ್ಸ್‌ನ ಮುದ್ರಣ ವ್ಯವಸ್ಥೆಯಾದ ಕಪ್ಸ್ ಇಡೀ ಪಟ್ಟಿಯನ್ನು ಚಿತ್ರವನ್ನಾಗಿಸಿ ಕಳುಹಿಸುತ್ತಿದ್ದುದರಿಂದ ಪ್ರಿಂಟರ್‌ನ ತಲೆ ಒಂದೊಂದು ಸಾಲಿಗೂ ಹಲವು ಬಾರಿ ಓಡಾಡುತ್ತಿತ್ತು, ರೈತರು ಕಾಯುತ್ತಾ ನಿಲ್ಲುತ್ತಿದ್ದರು. ಅಂಕಿಗಳನ್ನು ಪ್ರಿಂಟರ್‌ನ ಸ್ವಂತ ಅಕ್ಷರಗಳಲ್ಲೇ ನೇರವಾಗಿ ಕಳುಹಿಸಿ, ಕನ್ನಡ ಹೆಸರುಗಳನ್ನು ಮಾತ್ರ ಚಿತ್ರವಾಗಿಸಿದ ಮೇಲೆ ವೇಗ ಸರಿಹೋಯಿತು.

ಹೆಸರುಗಳು ಹಳೆಯ ಖಾತೆಯಲ್ಲಿ ಯೂನಿಕೋಡ್‌ಗಿಂತ ಹಿಂದಿನ ಫಾಂಟ್ ಸಂಕೇತದಲ್ಲಿದ್ದವು. ಅವುಗಳನ್ನು ಪರಿವರ್ತಿಸಿ ಮೊದಲ ಪಟ್ಟಿ ಮುದ್ರಿಸಿದಾಗ ಗುಮಾಸ್ತರು ಕಾಗದವನ್ನು ನನ್ನತ್ತ ತಿರುಗಿಸಿ, “ಸಾರ್, ನಮ್ ಪಾರ್ವತಮ್ಮೋರ ಹೆಸ್ರು ಹಿಂದುಮುಂದಾಗೈತಿ ನೋಡ್ರಿ” ಎಂದರು. ಅಲ್ಲಿ ‘ಪಾವರ್ತಮ್ಮ’ ಎಂದಿತ್ತು. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆಯೇ ‘ವ’ದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಉಚ್ಚಾರಣೆಯ ಕ್ರಮದಲ್ಲಿ ಅದಕ್ಕಿಂತ ಮೊದಲೇ ಇರಬೇಕು. ನನ್ನ ಪರಿವರ್ತಕ ಸ್ಥಾನ ಬದಲಿಸದೆ ಅಕ್ಷರವನ್ನಷ್ಟೇ ಬದಲಿಸಿತ್ತು. ತಮ್ಮ ಬೆಳೆಯ ಹಣದ ಪಟ್ಟಿಯಲ್ಲಿ ಹೆಸರು ತಪ್ಪಾಗಿರುವುದು ರೈತರಿಗೆ ಸಣ್ಣ ವಿಷಯವಲ್ಲ. ಪರಿವರ್ತಕವನ್ನು ಅಂದೇ ಸರಿಪಡಿಸಿದೆ. ಈಗ ಯಾವುದೇ ಮಂಡಿಯನ್ನು ಲಿನಕ್ಸ್‌ಗೆ ಬದಲಿಸುವ ಮುನ್ನ ಅರ್ಕಾವೊತ್ತಿರುವ ಹೆಸರುಗಳನ್ನೆಲ್ಲ ಬೇರೆಯಾಗಿ ಮುದ್ರಿಸಿ, ಗುಮಾಸ್ತರ ಪಕ್ಕದಲ್ಲಿ ಕುಳಿತು, ಒಂದೊಂದನ್ನೂ ಓದಿಸಿ ಗುರುತು ಹಾಕಿಸಿಕೊಳ್ಳುತ್ತೇನೆ.