ಹಲ್ಲು ಎಲ್ಲಿದೆ? ಹಾಲಲ್ಲಿ ಹಾಕಿ ತನ್ನಿ

ಹಾವೇರಿ ಜಿಲ್ಲೆಯ ಒಂದು ಪುಟ್ಟ ಊರಲ್ಲಿ ನನ್ನ ದಂತ ಚಿಕಿತ್ಸಾಲಯ ಇದೆ. ಒಂದು ದಿನ ಪಕ್ಕದ ಹಳ್ಳಿಯ ಶಾಲೆಯಿಂದ ಪಿ.ಟಿ. ಮಾಸ್ತರು ಫೋನ್ ಮಾಡಿದರು.

"ಮೇಡಂ, ಖೋ ಖೋ ಆಡೂವಾಗ ಹುಡುಗ ಕಂಬಕ್ಕ ಹೊಡ್ಕೊಂಡಾನ್ರಿ. ಮುಂದಿನ ಹಲ್ಲು ಪೂರ್ತಿ ಕಿತ್ತು ಬಂದೈತ್ರಿ."

ಎಚ್ಚರ ತಪ್ಪಿದ್ದನಾ, ವಾಂತಿ ಆಯ್ತಾ ಅಂತ ಮೊದಲು ಕೇಳಿದೆ. ತಲೆಗೆ ಪೆಟ್ಟಾಗಿದ್ದರೆ ಹಲ್ಲಿನ ಮಾತು ಆಮೇಲೆ. ಹಾಗೇನೂ ಆಗಿರಲಿಲ್ಲ. ವಯಸ್ಸು 12. ಅಂದರೆ ಅದು ಹಾಲುಹಲ್ಲಲ್ಲ.

"ಹಲ್ಲು ಎಲ್ಲಿದೆ ಸರ್?"

"ಅದನ್ನ ನೋಡಿಲ್ರಿ. ರಕ್ತ ಒರೆಸಾಕತ್ತೀವಿ."

ಬಟ್ಟೆ ಕಚ್ಚಿಸಿ, ಹಲ್ಲು ಹುಡುಕಿ, ನಾನು ಫೋನ್ ಇಡಲ್ಲ ಅಂದೆ. ಮಕ್ಕಳೆಲ್ಲ ಮಣ್ಣಲ್ಲಿ ಹುಡುಕುವ ಸದ್ದು ಕೇಳಿಸುತ್ತಿತ್ತು. ಎರಡು ನಿಮಿಷಕ್ಕೆ ಸಿಕ್ಕಿತು.

ಬೇರು ಮುಟ್ಟಬೇಡಿ, ಬಾಯಲ್ಲಿ ಬೆಳ್ಳಗೆ ಕಾಣುವ ಭಾಗವನ್ನೇ ಹಿಡಿಯಿರಿ, ಮಣ್ಣಿದ್ದರೆ ನಲ್ಲಿ ಕೆಳಗೆ ಹತ್ತು ಸೆಕೆಂಡ್ ಹಿಡಿದರೆ ಸಾಕು, ಉಜ್ಜಲೇಬೇಡಿ ಅಂತ ಹೇಳಿದೆ. ಅಲ್ಲೇ ಕುಳಿಯಲ್ಲಿ ಕೂರಿಸಿ ಮೆಲ್ಲಗೆ ಬಟ್ಟೆ ಕಚ್ಚಿಸಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಮಾಸ್ತರ ಕೈ ನಡುಗುತ್ತಿತ್ತು, ಹುಡುಗ ಅಳುತ್ತಿದ್ದ. ಒತ್ತಾಯ ಮಾಡಲಿಲ್ಲ. ಎದುರಿನ ಅಂಗಡಿಯಿಂದ ನಂದಿನಿ ಹಾಲಿನ ಪಾಕೀಟು ತರಿಸಿ, ಕಾಯಿಸದ ತಣ್ಣನೆಯ ಹಾಲಲ್ಲಿ ಹಲ್ಲು ಮುಳುಗಿಸಿ ತನ್ನಿ ಅಂದೆ.

ಹಾಲೇ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಬೇರಿನ ಮೇಲೆ ಜೀವಂತ ಪೊರೆ ಇರುತ್ತದೆ. ಹಲ್ಲು ಮತ್ತೆ ಮೂಳೆಗೆ ಸರಿಯಾಗಿ ಅಂಟಬೇಕಾದರೆ ಅದು ಬದುಕಿರಬೇಕು. ಗಾಳಿಗೆ ಒಣಗಿದರೆ ಒಂದು ಗಂಟೆಯೊಳಗೆ ಸಾಯುತ್ತದೆ. ಬರೀ ನೀರಲ್ಲಿ ಇಟ್ಟರೆ ಅದರ ಕೋಶಗಳು ಉಬ್ಬಿ ಒಡೆಯುತ್ತವೆ. ಹಾಲಲ್ಲಿ ಸ್ವಲ್ಪ ಹೊತ್ತು ತಡೆಯುತ್ತವೆ.

ನಮ್ಮಲ್ಲಿ ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ರೂಢಿ ಇದೆಯಲ್ವಾ? ಹಾಲುಹಲ್ಲಿಗೆ ಅದು ಸರಿಯೇ. ಪೆಟ್ಟಿನಿಂದ ಬಿದ್ದರೂ ಹಾಲುಹಲ್ಲನ್ನು ನಾವು ವಾಪಸ್ ಕೂರಿಸಲ್ಲ, ಒಳಗೆ ಬೆಳೆಯುವ ಹಲ್ಲಿನ ಮೊಳಕೆಗೆ ಏಟಾಗಬಹುದು. ಆದರೆ ಆರೇಳು ವರ್ಷದ ನಂತರ ಬಂದ ಮುಂದಿನ ಹಲ್ಲು ಮತ್ತೆ ಹುಟ್ಟಲ್ಲ. ಹಿಂದೊಮ್ಮೆ ಒಬ್ಬ ಹುಡುಗಿಯ ಹಲ್ಲನ್ನು ಸೋಪು ಹಚ್ಚಿ ತೊಳೆದು, ಕಾಗದದಲ್ಲಿ ಸುತ್ತಿ, ಮರುದಿನ ತಂದಿದ್ದರು. ಪ್ರೀತಿಯಿಂದಲೇ ತೊಳೆದಿದ್ದರು. ಆ ತಾಯಿಯ ಮುಖ ಇನ್ನೂ ಕಣ್ಣ ಮುಂದಿದೆ.

ಈ ಹುಡುಗ ಸ್ಟೀಲ್ ಲೋಟ ಎದೆಗವಚಿಕೊಂಡು ಬೈಕಲ್ಲಿ ಬಂದ. ಬಿದ್ದು 40 ನಿಮಿಷ ಆಗಿತ್ತು. ಸಲೈನ್‌ನಲ್ಲಿ ತೊಳೆದೆ, ಜೋಮು ಹಿಡಿಯುವ ಇಂಜೆಕ್ಷನ್ ಕೊಟ್ಟೆ, ಕುಳಿಯಲ್ಲಿ ಕಟ್ಟಿದ್ದ ರಕ್ತ ತೆಗೆದೆ. ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ಹಲ್ಲು ತನ್ನ ಜಾಗ ಹಿಡಿದು ಕೂತಿತು. ಎಕ್ಸ್‌ರೇ ನೋಡಿಕೊಂಡು, ಪಕ್ಕದ ಹಲ್ಲುಗಳಿಗೆ ತೆಳು ತಂತಿ ಸೇರಿಸಿ ಎರಡು ವಾರಕ್ಕೆ ಕಟ್ಟಿದೆ. ಆ್ಯಂಟಿಬಯೋಟಿಕ್ ಬರೆದೆ, ಮಣ್ಣಲ್ಲಿ ಬಿದ್ದದ್ದರಿಂದ ಟಿಟಿ ಕೊಡಿಸಲು ಕಳಿಸಿದೆ. ಊಟಕ್ಕೆ ಎರಡು ವಾರ ಮೆತ್ತನೆಯ ಅನ್ನ, ಗಂಜಿ. ತಂತಿ ಬಿಚ್ಚುವ ಮೊದಲೇ ರೂಟ್ ಕೆನಾಲ್ ಶುರು ಮಾಡಿದೆ.

ಹಲ್ಲು ಹೋದರೆ ನಗು ಹೋಗುತ್ತದೆ, ಬಾವಿನಿಂದ ಜೀವವೇ ಹೋಗಬಹುದು. ಅದೇ ತಿಂಗಳು ಒಬ್ಬ ರೈತರು ಬಂದಿದ್ದರು. ಹುಳುಕು ದವಡೆ ಹಲ್ಲಿಗೆ ನಾಲ್ಕು ದಿನ ಲವಂಗದ ಎಣ್ಣೆ, ಹೊರಗಿನಿಂದ ಬಿಸಿ ಕಾವು. ಗದ್ದದ ಕೆಳಗೆ ಎರಡೂ ಕಡೆ ಕಲ್ಲಿನಂತೆ ಊದಿತ್ತು. ನಾಲಿಗೆ ಮೇಲೆದ್ದಿತ್ತು, ಎಂಜಲು ನುಂಗಲಾಗದೆ ಟವೆಲ್‌ಗೆ ಒರೆಸಿಕೊಳ್ಳುತ್ತಿದ್ದರು. ಇದು ನನ್ನ ಕುರ್ಚಿಯಲ್ಲಿ ನೋಡುವ ಕೆಲಸವಲ್ಲ, ಉಸಿರು ಕಟ್ಟುವ ಬಾವು. ಮಲಗಿಸಲೂ ಇಲ್ಲ, ಕೂರಿಸಿಯೇ 108ರಲ್ಲಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಕೀವು ತೆಗೆದರು, ರೈತರ ಜೀವ ಉಳಿಯಿತು. ಹಲ್ಲುನೋವಿನ ಜೊತೆ ಜ್ವರ, ಬಾಯಿ ತೆರೆಯಲಾಗದಿರುವುದು, ನುಂಗಲು ಕಷ್ಟ, ಕಣ್ಣಿನ ಕಡೆಗೋ ಕತ್ತಿನ ಕಡೆಗೋ ಏರುವ ಬಾವು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ.

ಖೋ ಖೋ ಹುಡುಗ ಹೋದ ವಾರ ಬಂದಿದ್ದ. ಒಂದು ವರ್ಷ ಆಯ್ತು. ಬೇರು ಕರಗಿದ ಗುರುತಿಲ್ಲ, ಹಲ್ಲು ಗಟ್ಟಿಯಾಗಿದೆ. ಮುಂದಿನ ಎಕ್ಸ್‌ರೇಗೆ ದೀಪಾವಳಿ ರಜೆಯಲ್ಲಿ ಬಾ ಅಂದಿದ್ದೇನೆ.