ಮೊದಲು ಕಿವಿ ನೋಡುತ್ತೇನೆ

ಹನುಮಂತನಗರದ ನಮ್ಮ ಅಡ್ಡರಸ್ತೆಗೆ ಹೊಸ ನಾಯಿ ಬಂದರೆ ನಾನು ಮೊದಲು ನೋಡುವುದು ಅದರ ಕಿವಿ. ತುದಿಯಲ್ಲಿ ವಿ ಆಕಾರದ ಕತ್ತರಿ ಗುರುತಿದ್ದರೆ ಸಂತಾನಹರಣ ಆಪರೇಷನ್ ಆಗಿದೆ, ಜೊತೆಗೆ ರೇಬೀಸ್ ಲಸಿಕೆಯೂ ಒಮ್ಮೆ ಬಿದ್ದಿದೆ ಎಂದರ್ಥ. ಗುರುತು ಇಲ್ಲದಿದ್ದರೆ ಅದರ ಕೆಲಸ ಬಾಕಿ ಇದೆ ಎಂದು ಮನಸ್ಸಿನಲ್ಲೇ ಬರೆದುಕೊಳ್ಳುತ್ತೇನೆ. ಬೀದಿನಾಯಿಯನ್ನು ಪ್ರೀತಿಸುವುದು ಎಂದರೆ ನನಗೆ ಇದೇ. ಅನ್ನ ಹಾಕಿ ನಂಬಿಕೆ ಗಳಿಸಬೇಕು, ಆ ನಂಬಿಕೆ ಇರುವುದರಿಂದಲೇ ಅದಕ್ಕೆ ಸೂಜಿ ಹಾಕಿಸಬೇಕು, ಔಷಧಿ ಕುಡಿಸಬೇಕು, ಆಪರೇಷನ್‌ಗೆ ಕಳಿಸಬೇಕು. ಬರೀ ಅನ್ನ ಹಾಕಿ ಕೈ ತೊಳೆದುಕೊಂಡರೆ ಮುಂದಿನ ವರ್ಷ ಅದೇ ಬೀದಿಯಲ್ಲಿ ಮರಿಗಳು ಕಾರಿನ ಚಕ್ರಕ್ಕೆ ಸಿಕ್ಕಿ ಸಾಯುವುದನ್ನು ನೋಡಬೇಕಾಗುತ್ತದೆ.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೆಷಿನ್ ಮುಂದೆ ಕೂತರೆ ಇಡೀ ಬೀದಿ ಕಣ್ಣೆದುರಿಗೇ ಇರುತ್ತದೆ. ಯಾವ ನಾಯಿ ಕುಂಟುತ್ತಿದೆ, ಯಾವುದು ಬೆಳಗಿನಿಂದ ಮಲಗಿದಲ್ಲಿಂದ ಎದ್ದಿಲ್ಲ, ಎಲ್ಲ ಗೊತ್ತಾಗುತ್ತದೆ. ಈಗ ನಮ್ಮಲ್ಲಿರುವವರು ಕೆಂಚಿ, ಕರಿಯ, ರಾಜಿ, ಮತ್ತು ಮೆಡಿಕಲ್ ಸ್ಟೋರ್ ಮೆಟ್ಟಿಲ ಮೇಲೆ ಮಲಗುವ ಮುದುಕ ಬೋರ.

ಊಟದ ವಿಷಯ ಮೊದಲು ಮುಗಿಸುತ್ತೇನೆ. ಮೆತ್ತಗೆ ಬೆಂದ ಅನ್ನ, ಅದಕ್ಕೆ ಕೋಳಿ ಅಂಗಡಿಯಲ್ಲಿ ಕಡಿಮೆಗೆ ಸಿಗುವ ತುಂಡು, ಚೂರು ಅರಿಶಿನ. ಉಪ್ಪು, ಖಾರ ಬೇಡ. ಬೇಯಿಸಿದ ಮೂಳೆ ಹಾಕಲೇಬೇಡಿ, ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಬಿಸ್ಕತ್ತು ಊಟವಲ್ಲ. ಹಬ್ಬದ ಮರುದಿನ ಉಳಿದದ್ದನ್ನೆಲ್ಲ ನಾಯಿಗೆ ಸುರಿಯುವ ಅಭ್ಯಾಸ ನಮ್ಮವರಲ್ಲಿ ಬಹಳ. ಈರುಳ್ಳಿ ಹಾಕಿದ ಬಿಸಿಬೇಳೆಬಾತ್ ಆಗಲಿ, ಒಣದ್ರಾಕ್ಷಿ ಇರುವ ಪಾಯಸವಾಗಲಿ ನಾಯಿಗೆ ವಿಷ. ಈರುಳ್ಳಿ ರಕ್ತ ಕೆಡಿಸುತ್ತದೆ, ದ್ರಾಕ್ಷಿ ಕಿಡ್ನಿ ಕೆಡಿಸುತ್ತದೆ. ಚಾಕೊಲೇಟೂ ಬೇಡ.

ಹೊತ್ತು ಮತ್ತು ಜಾಗ ಇನ್ನೂ ಮುಖ್ಯ. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಹಾಕಿದರೆ ಎಲ್ಲವೂ ಅಲ್ಲಿ ಬಂದು ಸೇರುತ್ತವೆ. ಲಸಿಕೆಯ ದಿನ ಬೀದಿ ಬೀದಿ ಅಲೆಯಬೇಕಿಲ್ಲ. ಜಾಗದ ವಿಚಾರಕ್ಕೆ ನಮ್ಮಲ್ಲೂ ಜಗಳವಾಯಿತು. ಎದುರುಮನೆಯ ಮೇಷ್ಟ್ರು, ರಿಟೈರ್ ಆದವರು, ಒಂದು ದಿನ ಅಂಗಡಿಗೇ ಬಂದರು.

"ನೋಡಮ್ಮಾ, ನಿಮಗೆ ಅಷ್ಟು ಪ್ರೀತಿ ಇದ್ರೆ ಮನೆ ಒಳಗೆ ಸಾಕ್ಕೊಳ್ಳಿ. ಮೊಮ್ಮಗಳು ಆಚೆ ಕಾಲಿಡೋಕೆ ಹೆದರ್ತಾಳೆ."

ಆ ಮಗುವಿನ ಹೆದರಿಕೆ ಸುಳ್ಳಲ್ಲ. ನಾಯಿಯನ್ನು ಪ್ರೀತಿಸುವವರು ಅದನ್ನು ತಳ್ಳಿಹಾಕಬಾರದು. "ನಿಮ್ಮ ಗೇಟ್ ಹತ್ರ ಹಾಕಲ್ಲ ಸಾರ್. ಎಲ್ಲಿ ಹಾಕಿದ್ರೆ ಯಾರಿಗೂ ತೊಂದ್ರೆ ಇಲ್ಲ, ನೀವೇ ತೋರಿಸಿ" ಎಂದೆ. ಅವರೇ ನಡೆದು ಹೋಗಿ ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಯ ಮೂಲೆ ತೋರಿಸಿದರು. ಇವತ್ತಿಗೂ ಅಲ್ಲೇ ಹಾಕುವುದು. ತಿಂದು ಮುಗಿಯುವವರೆಗೂ ನಿಂತಿದ್ದು, ತಟ್ಟೆ ಎತ್ತಿ, ಒಂದು ಬಕೆಟ್ ನೀರು ಸುರಿದು ಬರುತ್ತೇನೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುವುದೂ ಇದನ್ನೇ. ಮೆಟ್ಟಿಲು, ಬಾಗಿಲು, ಮಕ್ಕಳು ಆಡುವ ಜಾಗ ಬಿಟ್ಟು, ಬಡಾವಣೆಯವರೇ ಊಟದ ಜಾಗ ಗುರುತಿಸಬೇಕು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ ಕಂಡಕಂಡ ಬೀದಿಯಲ್ಲಿ ಊಟ ಹಾಕುವಂತಿಲ್ಲ, ವಾರ್ಡಿಗೆ ಇಂತಿಷ್ಟೆಂದು ಜಾಗ ಗೊತ್ತುಮಾಡಿ ಎಂದಿತು. ಇದು ನಾಯಿಗಳಿಗೂ ಒಳ್ಳೆಯದು. ಊಟದ ಜಾಗಕ್ಕೆ ಬೀದಿಯ ಒಪ್ಪಿಗೆ ಇದ್ದರೆ ಅವುಗಳ ಮೇಲೆ ಕಲ್ಲು ಬೀಳುವುದು, ಬಿಸಿನೀರು ಬೀಳುವುದು ತಾನಾಗಿ ಕಡಿಮೆಯಾಗುತ್ತದೆ.

ಅದೇ ಮೇಷ್ಟ್ರು ಇನ್ನೊಮ್ಮೆ ಕೇಳಿದರು, "ನಾಯಿಗೆ ಯಾಕಮ್ಮ ಇಷ್ಟೆಲ್ಲ ಉಪಚಾರ?" ನಾನು ಆತಕೂರಿನ ಕಲ್ಲಿನ ವಿಷಯ ಹೇಳಿದೆ. ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ, ಹತ್ತನೆಯ ಶತಮಾನದ ಆ ಶಾಸನ ನಮ್ಮ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ತಕ್ಕೋಲದ ಯುದ್ಧದಲ್ಲಿ ಗೆದ್ದ ಮಣಲೇರ ಎಂಬ ವೀರನಿಗೆ ಅವನ ಒಡೆಯ ಏನು ಬೇಕೋ ಕೇಳು ಎಂದರೆ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯೊಡನೆ ಹೋರಾಡಿ ಹಂದಿಯೂ ಕಾಳಿಯೂ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಎಂದೂ ಕೆತ್ತಿಸಿದರು. ಸಾವಿರ ವರ್ಷದ ಹಿಂದೆ ನಮ್ಮ ನೆಲದವರು ನಾಯಿಗೆ ಕೊಟ್ಟ ಮರ್ಯಾದೆ ಇದು. ಮೇಷ್ಟ್ರು ಇತಿಹಾಸ ಪಾಠ ಮಾಡಿದವರು. ಅಂದಿನಿಂದ ನಮ್ಮ ನಡುವೆ ಮಾತು ಸಲೀಸಾಯಿತು.

ಇನ್ನು ಆಪರೇಷನ್. ಹೆಣ್ಣುನಾಯಿಯ ಗರ್ಭ ಒಂಬತ್ತು ವಾರ. ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಹಾಗಾಗಿ ಒಂದು ಹೆಣ್ಣುನಾಯಿ ಬಿಟ್ಟುಹೋದರೂ ಬೀದಿಯ ಲೆಕ್ಕ ತಪ್ಪುತ್ತದೆ. ಪಾಲಿಕೆಯ 2019ರ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳು ಸುಮಾರು 3.10 ಲಕ್ಷ, 2023ರಲ್ಲಿ ಸುಮಾರು 2.79 ಲಕ್ಷ. ಆಪರೇಷನ್ ಕೆಲಸ ನಡೆದರೆ ಸಂಖ್ಯೆ ಇಳಿಯುತ್ತದೆ ಎನ್ನುವುದು ನಮ್ಮ ಊರಿನಲ್ಲೇ ಕಂಡಿದೆ. ನಾಯಿಗಳನ್ನು ಎಲ್ಲಾದರೂ ಸಾಗಿಸಿಬಿಡಿ ಎನ್ನುವವರಿಗೆ ನಾನು ಹೇಳುವುದು ಇಷ್ಟು. ಲಸಿಕೆಯಾದ ನಾಯಿಗಳು ಹೋದರೆ ಅವುಗಳ ಜಾಗಕ್ಕೆ ಪಕ್ಕದಿಂದ ಲಸಿಕೆ ಇಲ್ಲದವು ಬರುತ್ತವೆ. ಹತ್ತರಲ್ಲಿ ಏಳು ನಾಯಿಗಳಿಗೆ ಲಸಿಕೆ ಇದ್ದರೆ ರೇಬೀಸ್ ಹರಡುವುದು ನಿಲ್ಲುತ್ತದೆ. ಇದ್ದ ನಾಯಿಗಳನ್ನು ಕಳೆದುಕೊಂಡರೆ ಆ ಬೇಲಿಯೂ ಹೋಯಿತು.

ಆಪರೇಷನ್‌ಗೆ ನಾಯಿ ಹಿಡಿಯುವ ಗಾಡಿ ಬರುವ ದಿನ ನಾನು ಅಲ್ಲೇ ಇರುತ್ತೇನೆ. ಹಿಂದಿನ ರಾತ್ರಿ ಊಟ ಬೇಗ ಮುಗಿಸುತ್ತೇನೆ, ಆಪರೇಷನ್‌ಗೆ ಹೊಟ್ಟೆ ಖಾಲಿ ಇರಬೇಕು. ಪ್ರತಿಯೊಂದರ ಫೋಟೊ ತೆಗೆದು, ಯಾವ ಕಂಬದ ಹತ್ತಿರ ಹಿಡಿದರು ಎಂದು ಬರೆದುಕೊಳ್ಳುತ್ತೇನೆ. ವಾಪಸ್ ತಂದಾಗ ಅಲ್ಲೇ ಬಿಡಬೇಕು, ಬೇರೆ ಬೀದಿಯಲ್ಲಿ ಬಿಟ್ಟರೆ ಅಲ್ಲಿನ ನಾಯಿಗಳು ಕಚ್ಚಿ ಓಡಿಸುತ್ತವೆ. ಮರಿಗೆ ಹಾಲುಣಿಸುತ್ತಿರುವ ತಾಯಿಯನ್ನು ಹಿಡಿಯಲು ಬಿಡುವುದಿಲ್ಲ. ಕೂಗಾಡುವುದಿಲ್ಲ, ಮರಿಗಳನ್ನು ತೋರಿಸುತ್ತೇನೆ. ಹಿಡಿಯುವ ಹುಡುಗರಿಗೂ ಕರುಳಿದೆ, ಅವರಿಗೆ ಕಾಫಿ ಕೊಟ್ಟು ಮಾತಾಡಿಸಿದರೆ ಬಲೆ ಹಾಕುವ ಕೈ ಮೆತ್ತಗಾಗುತ್ತದೆ.

ಕೆಂಚಿಯ ಕಥೆ ಸ್ವಲ್ಪ ಉದ್ದ. ಅವಳು ನಿಂತ ಕಡೆಯೆಲ್ಲ ರಕ್ತದ ಹನಿ. ಬೆದೆಗೆ ಬಂದಿದ್ದಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ವಾರಗಳು ಕಳೆದರೂ ನಿಲ್ಲಲಿಲ್ಲ, ಬಾಲದ ಕೆಳಗೆ ಹೂಕೋಸಿನಂಥ ಗಡ್ಡೆ ಕಂಡಿತು. ಅದು ಕೂಡುವಾಗ ನಾಯಿಯಿಂದ ನಾಯಿಗೆ ದಾಟುವ ಕ್ಯಾನ್ಸರ್. ಹೆದರಬೇಕಿಲ್ಲ, ಇದು ಬಹುಪಾಲು ವಾಸಿಯಾಗುತ್ತದೆ. ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಕರೆದೊಯ್ದೆ. ವಿನ್‌ಕ್ರಿಸ್ಟಿನ್ ಇಂಜೆಕ್ಷನ್, ವಾರಕ್ಕೊಂದು. ಪ್ರತಿಸಲವೂ ಮೊದಲು ರಕ್ತ ಪರೀಕ್ಷೆ, ಯಾಕೆಂದರೆ ಆ ಔಷಧಿ ಬಿಳಿ ರಕ್ತಕಣ ಇಳಿಸುತ್ತದೆ.

ಆಟೋದವರು ಮೊದಲಿಗೆ ಹತ್ತಿಸಿಕೊಳ್ಳಲಿಲ್ಲ. ಬಾಯಿ ಕಟ್ಟಿದ್ದು ಕಂಡ ಮೇಲೆ ಒಬ್ಬರು ಒಪ್ಪಿದರು. ಬಾಯಿ ಕಟ್ಟುವುದನ್ನು ಎಲ್ಲರೂ ಕಲಿತಿರಬೇಕು, ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚೀತು. ಎರಡು ಬೆರಳು ಅಗಲದ, ಮೂರೂವರೆ ಅಡಿ ಉದ್ದದ ಕಾಟನ್ ಪಟ್ಟಿ ಸಾಕು. ನಡುವೆ ಕುಣಿಕೆ ಮಾಡಿ, ಪಕ್ಕದಿಂದ ಮೂತಿಗೆ ಹಾಕಿ ಮೇಲೆ ಒಂದು ಗಂಟು ಬಿಗಿಯಬೇಕು. ತುದಿಗಳನ್ನು ಗದ್ದದ ಕೆಳಗೆ ತಂದು ಇನ್ನೊಂದು ಗಂಟು, ಆಮೇಲೆ ಕಿವಿಯ ಹಿಂದೆ ಎಳೆದು ಜಾರುಗಂಟು. ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳಬೇಕು. ನಾಯಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳುವುದರಿಂದ ಬಿಸಿಲಲ್ಲಿ ಇದನ್ನು ಹೆಚ್ಚು ಹೊತ್ತು ಬಿಡಬಾರದು. ವಾಂತಿ ಮಾಡುತ್ತಿರುವ ನಾಯಿಗೆ, ಉಸಿರಾಟದ ತೊಂದರೆ ಇರುವ ನಾಯಿಗೆ ಕಟ್ಟಲೇಬಾರದು. ಕೆಂಚಿಯ ಗಡ್ಡೆ ಕರಗಿತು. ಅವಳ ಕಿವಿಗೂ ಈಗ ಗುರುತಿದೆ.

ಮಿಕ್ಕ ಬಟ್ಟೆಯಲ್ಲಿ ಬೆಲ್ಟ್ ಹೊಲಿಯುತ್ತೇನೆ. ಮೇಲೆ ರೇಡಿಯಂ ಪಟ್ಟಿ, ಕೊನೆಗೆ ವೆಲ್ಕ್ರೋ. ಬಕಲ್ ಹಾಕಿದರೆ ಗ್ರಿಲ್‌ಗೆ ಸಿಕ್ಕಿಕೊಂಡಾಗ ಕುತ್ತಿಗೆ ಬಿಗಿಯುತ್ತದೆ, ವೆಲ್ಕ್ರೋ ಆದರೆ ಎಳೆದಾಗ ಬಿಟ್ಟುಕೊಳ್ಳುತ್ತದೆ. ರಾತ್ರಿ ಗಾಡಿಗಳ ಬೆಳಕಿಗೆ ಹೊಳೆಯುವುದರಿಂದ ಬೋರನಂಥ ಕಿವುಡು ಮುದುಕನ ಜೀವ ಉಳಿದಿದೆ ಎಂದೇ ನಾನು ನಂಬಿದ್ದೇನೆ.

ಕಚ್ಚಿದರೆ ಏನು ಮಾಡಬೇಕು ಎಂಬುದನ್ನೂ ನಾಯಿಪ್ರಿಯರೇ ಬೀದಿಗೆ ಹೇಳಿಕೊಡಬೇಕು. ಗಾಯವನ್ನು ಹರಿಯುವ ನೀರಿನಲ್ಲಿ, ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ, ಕಾಫಿಪುಡಿ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಿ ಪೂರ್ತಿ ಹಾಕಿಸಿಕೊಳ್ಳಬೇಕು. ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೋಗ ತಡೆಯುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಕೂಡ ಬೇಕು. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಉಳಿಸಲು ಆಗುವುದಿಲ್ಲ. ಇದನ್ನು ಮೇಷ್ಟ್ರ ಮೊಮ್ಮಗಳಿಗೂ ಹೇಳಿದ್ದೇನೆ. ನಾಯಿ ತಿನ್ನುವಾಗ, ಮಲಗಿರುವಾಗ, ಮರಿ ಜೊತೆ ಇರುವಾಗ ಹತ್ತಿರ ಹೋಗಬಾರದು, ಬೊಗಳಿದರೆ ಓಡದೆ ನಿಂತುಬಿಡಬೇಕು ಎಂದು ಅವಳು ಈಗ ಬೇರೆ ಮಕ್ಕಳಿಗೆ ಪಾಠ ಮಾಡುತ್ತಾಳೆ.

ಹೊಡೆಯುವವರು, ವಿಷ ಹಾಕುವವರು ಇದ್ದರೆ ಸುಮ್ಮನಿರಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಇವತ್ತಿಗೂ 10ರಿಂದ 50 ರೂಪಾಯಿ. ನಾಚಿಕೆಗೇಡು. ಆದರೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಂ ಪ್ರಕಾರ ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಜೈಲು. ದೂರು ಕೊಡುವಾಗ ಈ ಕಲಮನ್ನು ಬರೆಸಿ.

ಈಗ ಅಂಗಡಿಯಲ್ಲಿ ಯಾರೋ ಚೀಲದಲ್ಲಿ ಕಟ್ಟಿ ಬಿಟ್ಟುಹೋದ ಮರಿಗಳಿವೆ, ಎಲ್ಲವೂ ಹೆಣ್ಣು. ಹೆಣ್ಣುಮರಿ ಬೇಡ ಎಂದೇ ಬಿಸಾಡುತ್ತಾರೆ. ಮರಿಗಳನ್ನು ಕೊಲ್ಲುವ ಪಾರ್ವೊ ಎಂಬ ವಾಂತಿಭೇದಿ ರೋಗಕ್ಕೆ ಮೊದಲ ಲಸಿಕೆ ಆಗಿದೆ, ಮುಂದಿನದು ಬಾಕಿ. ಕೇಳಿಕೊಂಡು ಬಂದವರ ಮನೆಗೆ ನಾನೇ ಹೋಗಿ ನೋಡುತ್ತೇನೆ, ಆರು ತಿಂಗಳಾದ ಮೇಲೆ ಆಪರೇಷನ್ ಮಾಡಿಸುತ್ತೇವೆ ಎಂದು ಬರೆಸಿಕೊಳ್ಳುತ್ತೇನೆ. ಕಟ್ಟಡದ ಸೈಟಿನಲ್ಲಿ ಕಾವಲಿಗೆ ಕಟ್ಟಿಹಾಕಲು ಬೇಕು ಎಂದು ನಿನ್ನೆ ಒಬ್ಬರು ಬಂದಿದ್ದರು. ಕೊಡಲಿಲ್ಲ.