ಮುಳ್ಳು ಕುಪ್ಪಳಿಸತೊಡಗಿದರೆ

ಸೆಕೆಂಡಿನ ಮುಳ್ಳು ಎರಡೆರಡು ಸೆಕೆಂಡಿಗೊಮ್ಮೆ ಕುಪ್ಪಳಿಸುತ್ತಿದೆಯೇ? ಕೂಡಲೇ ರಿಪೇರಿಗೆ ಒಯ್ಯಬೇಡಿ. ಬೆಳಕಿನಿಂದ ಚಾರ್ಜ್ ಆಗುವ ಸಿಟಿಜನ್ ಇಕೋ-ಡ್ರೈವ್, ಕೈಯ ಅಲುಗಾಟದಿಂದ ಚಾರ್ಜ್ ಆಗುವ ಸೀಕೋ ಕೈನೆಟಿಕ್ ವಾಚುಗಳು ಚಾರ್ಜ್ ತಳ ಮುಟ್ಟಿದೆ ಎಂದು ಹೇಳುವ ರೀತಿಯೇ ಅದು. ಆಗಲೂ ಸಮಯ ಸರಿಯಾಗೇ ಇರುತ್ತದೆ. ಪೂರ್ತಿ ನಿಂತರೆ ಮಾತ್ರ ಮತ್ತೆ ಹೊಂದಿಸಬೇಕು.

ಸೋಲಾರ್ ವಾಚಿಗೆ ಬಿಸಿಲೇ ಊಟ. ಬೆಳಕಿನ ಅಳತೆಯಾದ ಲಕ್ಸ್‌ನಲ್ಲಿ ಹೇಳುವುದಾದರೆ ನೇರ ಬಿಸಿಲು ಸುಮಾರು 1,00,000. ಕಚೇರಿಯ ಟ್ಯೂಬ್‌ಲೈಟ್ 500ರ ಆಸುಪಾಸು. ಹಾಗಾಗಿ ಮೇಜಿನ ದೀಪದಡಿ ದಿನಗಟ್ಟಲೆ ಇಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ನಾನು ಡಯಲ್ ಹೊರಗೆ ಮುಖ ಮಾಡುವಂತೆ ಕಿಟಕಿಯಲ್ಲಿಡುತ್ತೇನೆ, ಮುಟ್ಟಿ ನೋಡುತ್ತಿರುತ್ತೇನೆ. ಬಿಸಿ 60 ಡಿಗ್ರಿ ದಾಟುವಂಥ ಜಾಗ, ಅಂದರೆ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್, ಬೇಡವೇ ಬೇಡ. ಉದ್ದ ತೋಳಿನ ಅಂಗಿ ಹಾಕುವವರು ಡಯಲ್ ಮುಚ್ಚದಂತೆ ನೋಡಿಕೊಳ್ಳಿ.

ಕೈನೆಟಿಕ್‌ಗೆ ಬಿಸಿಲಿನಿಂದ ಏನೂ ಸಿಗದು. ಒಳಗಿನ ತೂಕದ ತುಂಡು ತಿರುಗಬೇಕು. ಅಕ್ಕಪಕ್ಕ ಲಯವಾಗಿ ಬೀಸಿ, ಆಮೇಲೆ ಕಟ್ಟಿಕೊಂಡು ಓಡಾಡಿ.

ಕ್ಯಾಸಿಯೋದಂಥ ಡಿಜಿಟಲ್ ಸೋಲಾರ್‌ನಲ್ಲಿ ಚಾರ್ಜ್ ಇಳಿದಾಗ ದೀಪ, ಅಲಾರಂ ಮೊದಲು ಕೈಕೊಡುತ್ತವೆ. ದೀಪದ ಗುಂಡಿ ಸುಮ್ಮನೆ ಒತ್ತುವ ಚಟ ಬಿಡಿ. ಕತ್ತಲಲ್ಲಿ ಪರದೆ ಖಾಲಿಯಾದರೆ ಗಾಬರಿ ಬೇಡ, ಅದು ಉಳಿತಾಯದ ನಿದ್ದೆಯೂ ಇರಬಹುದು, ಬೆಳಕಿಗೆ ತನ್ನಿ.

ಚೆನ್ನಾಗಿ ಚಾರ್ಜ್ ಮಾಡಿದರೂ ಬೇಗ ನಿಲ್ಲುತ್ತಿದ್ದರೆ ಒಳಗಿನ ಸೆಲ್ ಮುಗಿದಿರಬಹುದು. ಬದಲಿಗೆ ಮಾಮೂಲಿ ಬಟನ್ ಸೆಲ್ ಹಾಕಿಸಬೇಡಿ. ಅದು ಚಾರ್ಜ್ ಆಗುವಂಥದ್ದಲ್ಲ, ಸೋರಿ ಯಂತ್ರವನ್ನೇ ಕೆಡಿಸೀತು.